ಬದುವಿನ ತಂಗಟೆ

ದೀಪಾವಳಿಗೆ ನಮ್ಮ ಕಡೆ ಸಗಣಿಯಲ್ಲಿ ಹಟ್ಟಿಲಕ್ಕವ್ವನನ್ನು ಮಾಡಿ ಉತ್ರಾಣಿ ಕಡ್ಡಿ, ಅಣ್ಣೆ ಹೂ, ತಂಗಟೆ ಹೂ ಸಿಕ್ಕಿಸುತ್ತೇವೆ. ಜಗಳೂರು ತಾಲ್ಲೂಕಿನ ಸೊಕ್ಕೆ ನನ್ನ ತವರು. ನಾನು ಚಿಕ್ಕವಳಿದ್ದಾಗ ಈ ಹೂಗಳನ್ನು ಯಾರೂ ಬೆಳೆಸುತ್ತಿರಲಿಲ್ಲ. ಬದುವಿನಲ್ಲಿ, ಗೋಮಾಳದಲ್ಲಿ ತಾವಾಗಿಯೇ ಇರುತ್ತಿದ್ದವು. ಈಗ ಬದುವಿನ ಅಂಚಿನ ತನಕ ಮೆಕ್ಕೆಜೋಳ.

ಕೆಲವು ವರ್ಷಗಳ ಹಿಂದೆ ನಮ್ಮ ಹೊಲದ ಬದುವಿನಲ್ಲಿ ಉಳಿದಿದ್ದ ಒಂದೇ ತಂಗಟೆ ಗಿಡವನ್ನು ಅಗೆದು, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ದಾವಣಗೆರೆಗೆ ತಂದೆ. ಹದಿನೈದೇ ದಿನಕ್ಕೆ ಒಣಗಿತು. ತಂಗಟೆಯ ತಾಯಿಬೇರು ನೇರ ಆಳಕ್ಕಿಳಿಯುತ್ತದೆ. ಬಲಿತ ಗಿಡ ಕಿತ್ತರೆ ಅದು ನಡುವೆಯೇ ತುಂಡಾಗುತ್ತದೆ. ನನ್ನದೂ ಹಾಗೇ ಆಗಿತ್ತು.

‘ಟ್ರ್ಯಾಕ್ಟರಿಗೆ ಸಿಕ್ಕಿ ಸಾಯುವ ಬದಲು ಉಳಿಸೋಣ ಅಂತ ತಂದೆ’ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ, ನನ್ನ ಅಂಗಳದಲ್ಲಿ ಆ ಹಳದಿ ಹೂ ಇರಬೇಕೆಂಬ ಆಸೆ. ಕಾಪಾಡುವುದಕ್ಕೂ ಕೊಂಡೊಯ್ಯುವುದಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂದು ಅಂದು ಹೊಳೆದಿರಲಿಲ್ಲ.

ಆಮೇಲೆ ದೂರದ ಗುಡ್ಡದಂಚಿನ ಗಿಡಗಳಿಂದ ಒಂದೊಂದು ಹಿಡಿ ಒಣಕಾಯಿ ತಂದೆ, ಮಿಕ್ಕಿದ್ದನ್ನು ಗಿಡಕ್ಕೇ ಬಿಟ್ಟೆ. ಬೀಜದ ಸಿಪ್ಪೆ ಬಲು ಗಟ್ಟಿ. ಬಿಸಿನೀರು ಸುರಿದು ರಾತ್ರಿಯಿಡೀ ನೆನೆಸಿ, ಉದ್ದನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಊರಿದೆ. ಬೇರು ತಳ ಮುಟ್ಟಿ ಸುತ್ತಿಕೊಳ್ಳುವ ಮುಂಚೆಯೇ ಮಣ್ಣಿನ ಹೆಂಟೆ ಸಮೇತ ನೆಡಬೇಕು. ಎಳೆಯದರಲ್ಲಿ ಜಾಗ ಬದಲಾದರೆ ತಡೆದುಕೊಳ್ಳುತ್ತದೆ.

ಒಂಬತ್ತು ಸಸಿ ಎದ್ದವು. ಅಂಗಳಕ್ಕೆ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಮುಂಗಾರು ಹಿಡಿದ ಮೇಲೆ ಎಲ್ಲವನ್ನೂ ಸೊಕ್ಕೆಗೆ ಒಯ್ದಾಗ ತಮ್ಮ ನಕ್ಕ. ‘ಅಕ್ಕ, ಬದುವಿಗೆ ಹೂವಿನ ಗಿಡ ಹಚ್ತಾರೇನೇ? ಮಂದಿ ಏನಂದಾರು?’ ಆದರೂ ಎರಡು ಮಾರು ಜಾಗ ಬಿಟ್ಟುಕೊಟ್ಟ. ದೊಡ್ಡವ್ವ ಮಾತ್ರ ನೆಟ್ಟ ಸಸಿಗಳ ಸುತ್ತ ಮುಳ್ಳು ಹಚ್ಚುತ್ತ, ‘ಹಬ್ಬಕ್ಕೆ ಒಂದು ಟೊಂಗಿ ಸಾಕವ್ವ. ಎಲ್ಲಾ ಕಿತ್ರೆ ಕಾಯಿ ಎಲ್ಲಿಂದ ಬರಬೇಕು?’ ಅಂದಳು. ಮಳೆ ಕೈಕೊಟ್ಟು ಎರಡೇ ಗಿಡ ಉಳಿದವು.

ಮುಂದಿನ ವರ್ಷದ ದೀಪಾವಳಿಗೆ ಅವು ಹೂಬಿಟ್ಟವು. ಚಾಕು ಹಿಡಿದು ಹೋದರೆ ಯಾರೋ ಮೊದಲೇ ಕೊಯ್ದಿದ್ದರು, ಒಂದು ಟೊಂಗೆ ಬಿಟ್ಟು. ಸಿಟ್ಟು ಬಂತು. ‘ನನ್ನ ಗಿಡ’ ಎಂದು ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಬದುವಿನಿಂದ ಅಗೆದೊಯ್ದಾಗ ನಾನು ಯಾರನ್ನು ಕೇಳಿದ್ದೆ?

ಉಳಿದ ಟೊಂಗೆಯನ್ನು ಹಾಗೇ ಬಿಟ್ಟು ಬಂದೆ. ಆ ವರ್ಷ ನಮ್ಮ ಲಕ್ಕವ್ವನಿಗೆ ಉತ್ರಾಣಿ, ಅಣ್ಣೆ ಹೂ ಅಷ್ಟೇ.