ತೋಟಗಾರನು ಬೇಡಿಕೊಂಡ ವರುಷ

ಓದತಕ್ಕ ಭಾಗ: ಲೂಕನು ಬರೆದ ಸುವಾರ್ತೆ, 13ನೆಯ ಅಧ್ಯಾಯ, 1ರಿಂದ 9ನೆಯ ವಚನಗಳು.



ದೇವರ ಕೃಪೆಯಿಂದ ಮತ್ತೊಂದು ವರುಷದ ಬಾಗಿಲೊಳಗೆ ಕಾಲಿಟ್ಟಿದ್ದೇವೆ. ಡಿಸೆಂಬರ್ 31ರ ರಾತ್ರಿ ನಮ್ಮ ಸಭೆಗಳಲ್ಲಿ ವರುಷದ ಕಡೇ ಆರಾಧನೆಯು ನಡೆಯಿತು. ಚಳಿಗೆ ಕಂಬಳಿ ಹೊದ್ದು ಕೂತಿದ್ದ ಮುದುಕರು ಹನ್ನೆರಡು ಗಂಟೆಗೆ ಎದ್ದು ನಿಂತರು. ತಾಯಂದಿರ ಮಡಿಲಲ್ಲಿ ನಿದ್ದೆಹೋಗಿದ್ದ ಕೂಸುಗಳು ಹಾಡಿನ ಶಬ್ದಕ್ಕೆ ಎಚ್ಚತ್ತು ಅತ್ತವು. ತರುವಾಯ ವಾಗ್ದಾನ ವಚನದ ಚೀಟಿಗಳ ತಟ್ಟೆ ಬಂದಿತು. ಇದು ಎಲ್ಲರಿಗೂ ಇಷ್ಟವಾದ ಸಂಗತಿಯಷ್ಟೆ. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದೊಂದು ಚೀಟಿಯನ್ನೆತ್ತಿ, ಓದು ಬಾರದವರು ಬಲ್ಲವರಿಂದ ಓದಿಸಿಕೊಂಡರು. ಒಬ್ಬ ತಾಯಿಗೆ ಆರೋಗ್ಯವನ್ನು ಕುರಿತ ವಚನವು ಸಿಕ್ಕಿ ಆಕೆಯ ಮುಖವು ಅರಳಿತು. ಒಬ್ಬ ಯೌವನಸ್ಥನಿಗೆ ದೇವರ ಶಿಕ್ಷೆಯನ್ನು ಕುರಿತ ವಚನವು ಬಂತು. ಅವನು ಅದನ್ನು ಮೆಲ್ಲಗೆ ತಟ್ಟೆಗೆ ಹಾಕಿ ಬೇರೊಂದನ್ನು ಎತ್ತಿಕೊಂಡನು. ನಾನು ನೋಡಿ ನಕ್ಕೆನು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಆ ನಗು ನಿಂತುಹೋಯಿತು. ನಮ್ಮ ಹಿರಿಯರು ಯುಗಾದಿಯ ದಿವಸ ಪಂಚಾಂಗವನ್ನು ಓದಿಸಿ, ಈ ವರುಷ ಮಳೆ ಎಷ್ಟು, ಬೆಳೆ ಎಷ್ಟು, ತಮ್ಮ ರಾಶಿಗೆ ಆದಾಯವೆಷ್ಟು ವ್ಯಯವೆಷ್ಟು ಎಂದು ಕೇಳಿ ಬರುತ್ತಿದ್ದರು. ಅದನ್ನು ಬಿಟ್ಟುಬಂದೆವೆಂದು ಹೇಳಿಕೊಳ್ಳುವ ನಾವು ಸತ್ಯವೇದದ ವಚನಗಳನ್ನೇ ಪಂಚಾಂಗ ಮಾಡಿಕೊಂಡೆವೋ ಏನೋ! ಚೀಟಿಯನ್ನು ಎತ್ತಬಾರದೆಂದು ನಾನು ಹೇಳುವದಿಲ್ಲ; ನಾನೂ ಎತ್ತಿದ್ದೇನೆ. ಆದರೆ ಈ ವರುಷವು ನನಗೆ ಏನು ಕೊಡುವದೆಂದು ಕೇಳುವದು ಒಂದು. ಈ ವರುಷದಲ್ಲಿ ದೇವರು ನನ್ನ ಹತ್ತರ ಏನನ್ನು ಹುಡುಕಿಕೊಂಡು ಬರುವನೆಂದು ಕೇಳುವದು ಮತ್ತೊಂದು. ಈ ಎರಡನೆಯ ಮಾತಿಗಾಗಿಯೇ ಮೇಲಿನ ಭಾಗವನ್ನು ಆರಿಸಿಕೊಂಡೆನು.

ಒಬ್ಬ ಯಜಮಾನನು ತನ್ನ ದ್ರಾಕ್ಷೇತೋಟದಲ್ಲಿ ಒಂದು ಅಂಜೂರದ ಗಿಡವನ್ನು ಹಾಕಿಸಿದ್ದನು. ಮೂರು ವರುಷ ಒಂದೇ ಸಮನೆ ಹಣ್ಣು ಹುಡುಕಿಕೊಂಡು ಬಂದು ಬರಿಗೈಯಲ್ಲಿ ತಿರುಗಿ ಹೋದನು. ಕಡೆಗೆ ಕಡಿದುಹಾಕೆಂದು ಅಪ್ಪಣೆಮಾಡಿದನು. ಹೊಸದುರ್ಗ ಹೊಳಲ್ಕೆರೆಯ ಕಡೆ ತೆಂಗು ಅಡಿಕೆಯ ತೋಟ ಮಾಡುವವರಿಗೆ ಆ ಯಜಮಾನನ ಬೇಸರವನ್ನು ನಾನು ಬಿಡಿಸಿ ಹೇಳಬೇಕಾದದ್ದಿಲ್ಲ. ಬಾಳೆ ಹಾಕಿದವನು ಬೇಗನೆ ಗೊನೆಯನ್ನು ಕಾಣುತ್ತಾನೆ. ಅಡಿಕೆಯ ಸಸಿ ಇಟ್ಟವನು ಐದಾರು ವರುಷ ಕಾಯುತ್ತಾನೆ. ಕಾಯುವದಕ್ಕೆ ರೈತನು ಹೆದರುವದಿಲ್ಲ. ಆದರೆ ಸಾಲ ತಂದು ನೂರಾರು ಅಡಿ ಕೊರೆಸಿದ ಬೋರಿನ ನೀರನ್ನು ಮಿಕ್ಕ ಮರಗಳಂತೆಯೇ ಕುಡಿದು, ಹೊಂಬಾಳೆಯನ್ನೇ ಬಿಡದೆ ಸೊಂಪಾಗಿ ನಿಂತಿರುವ ಮರವನ್ನು ನೋಡಿದಾಗ ಅವನ ಹೊಟ್ಟೆ ಉರಿಯುತ್ತದೆ. ಆ ಅಂಜೂರದ ಗಿಡವು ಒಣಗಿತ್ತೆಂದು ಕರ್ತನು ಹೇಳಲಿಲ್ಲ. ಎಲೆಗಳು ಬೇಕಾದಷ್ಟು ಇದ್ದಿರಬಹುದು. ದೀಕ್ಷಾಸ್ನಾನ ಹೊಂದಿ, ಆದಿತ್ಯವಾರ ತಪ್ಪದೆ ಸಭೆಗೆ ಬಂದು, ಕ್ರಿಸ್‌ಮಸ್ಸಿಗೆ ಮನೆಗೆ ಸುಣ್ಣ ಬಳಿದು ನಕ್ಷತ್ರ ಕಟ್ಟಿ, ಹೆಸರು ಬದಲಾಯಿಸಿಕೊಂಡು, ಹೀಗೆ ಎಲೆಯಾಗಿಯೇ ಇರಲು ನಮಗೂ ಸಾಧ್ಯವುಂಟು.

ಇಲ್ಲಿ ತೋಟಗಾರನು ನಡುವೆ ಬರುತ್ತಾನೆ. ಇನ್ನೊಂದು ವರುಷ ಕೊಡಿರಿ, ನಾನು ಬುಡ ಬಿಡಿಸಿ ಗೊಬ್ಬರ ಹಾಕುತ್ತೇನೆ ಎಂಬದೇ ಅವನ ಬಿನ್ನಹ. ಗಿಡವು ಏನು ಹೇಳಿತು? ಏನೂ ಹೇಳಲಿಲ್ಲ. ಬರುವ ವರುಷ ಬುಟ್ಟಿ ತುಂಬಾ ಹಣ್ಣು ಬಿಡುತ್ತೇನೆಂದು ಅದು ಪ್ರತಿಜ್ಞೆ ಮಾಡಲಿಲ್ಲ. ಆ ವರುಷವನ್ನು ಬೇಡಿಕೊಂಡವನು ತೋಟಗಾರನು. ಬೆವರು ಸುರಿಸುವೆನೆಂದು ಒಪ್ಪಿಕೊಂಡವನೂ ತೋಟಗಾರನೇ. ಹೊಸ ವರುಷದ ದಿನ ನಾವು ದೇವರ ಮುಂದೆ ಎಷ್ಟೋ ಮಾತುಗಳನ್ನು ಕೊಡುತ್ತೇವೆ. ಇನ್ನು ಮುಂದೆ ಕುಡಿಯುವದಿಲ್ಲ, ದಿನಾಲೂ ಮೂರು ಅಧ್ಯಾಯ ಓದುತ್ತೇನೆ, ಸಿಟ್ಟುಮಾಡುವದಿಲ್ಲ ಎಂದು. ನಾವು ಬಾಯಿ ತೆರೆಯುವದಕ್ಕೆ ಮುಂಚೆಯೇ ನಮಗಾಗಿ ಒಬ್ಬನು ಬೇಡಿಕೊಂಡಿದ್ದಾನೆ. ಆದಕಾರಣವೇ ಈ ಜನವರಿಯನ್ನು ನಾವು ಕಂಡೆವು.

ಆದರೆ ಬುಡ ಬಿಡಿಸುವದು ಹಿತವಾದ ಕೆಲಸವೆಂದು ನೆನಸಬೇಡಿರಿ. ಗುದ್ದಲಿ ಬಿದ್ದಾಗ ಸಣ್ಣ ಬೇರುಗಳು ಕತ್ತರಿಸುತ್ತವೆ. ಕೊಟ್ಟಿಗೆಯ ಗೊಬ್ಬರವು ಮೂಗಿಗೆ ಸುಗಂಧವಲ್ಲ. ನಮ್ಮ ಬುಡಕ್ಕೆ ದೇವರು ಗುದ್ದಲಿಯನ್ನು ಅನೇಕ ವಿಧವಾಗಿ ಹಾಕುತ್ತಾನೆ: ಹೆಂಡತಿಯು ಹೇಳುವ ಒಂದು ನಿಜವಾದ ಮಾತಿನಿಂದ, ಸಭೆಯ ಹಿರಿಯನ ಗದರಿಕೆಯಿಂದ, ಮಗಳು ಓದುತ್ತಿರುವಾಗ ಥಟ್ಟನೆ ಕಿವಿಗೆ ಬಿದ್ದ ವಚನದಿಂದ. ಇಲ್ಲಿ ಒಂದು ಮಾತನ್ನು ಜಾಗ್ರತೆಯಾಗಿ ಹೇಳಬೇಕು. ಬಂದ ಕಷ್ಟವೆಲ್ಲಾ ದೇವರ ಗುದ್ದಲಿಯೆಂದು ನಾನು ಹೇಳುವದಿಲ್ಲ. ಇದೇ ಅಧ್ಯಾಯದ ಮೊದಲಿನಲ್ಲಿ, ಸಿಲೊವಾಮಿನ ಗೋಪುರವು ಬಿದ್ದು ಸತ್ತ ಹದಿನೆಂಟು ಮಂದಿ ಮಿಕ್ಕವರಿಗಿಂತ ಹೆಚ್ಚು ಪಾಪಿಗಳೋ ಎಂಬ ಪ್ರಶ್ನೆಗೆ ಕರ್ತನು ಅಲ್ಲವೆಂದೇ ಉತ್ತರಕೊಟ್ಟನು. ಬೆಳೆ ಒಣಗಿದ ಮನೆಗೂ ಕೂಸು ತೀರಿಹೋದ ಮನೆಗೂ ಹೋಗಿ, ನಿಮ್ಮ ಪಾಪಕ್ಕೆ ಹೀಗಾಯಿತೆನ್ನುವ ಬೋಧಕನು ಬಾಯಿ ಮುಚ್ಚಿಕೊಂಡು ಹಿಂದಿರುಗುವದು ಒಳ್ಳೇದು.

ಈಗ ನಮ್ಮ ಸೀಮೆಯ ಒಂದು ಸಂಗತಿಯನ್ನು ನೋಡೋಣ. ಹಿರಿಯೂರಿನ ಹತ್ತರ ಮಾರಿಕಣಿವೆಯ ವಾಣೀವಿಲಾಸ ಸಾಗರವನ್ನು ನಿಮ್ಮಲ್ಲಿ ನೋಡದವರು ಕಡಿಮೆ. ಮೈಸೂರಿನ ಮಹಾರಾಣಿಯವರು ರಾಜ್ಯವನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, 1898ರಲ್ಲಿ, ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟೆಯ ಕೆಲಸವು ಪ್ರಾರಂಭವಾಗಿ 1907ರಲ್ಲಿ ಮುಗಿಯಿತು. ನೀರು ನಿಲ್ಲುವ ಪೂರ್ತಿ ಮಟ್ಟವು 130 ಅಡಿ. 1933ರಲ್ಲಿ ತುಂಬಿ ಕೋಡಿ ಹರಿಯಿತು. ಆಮೇಲೆ? ತಂದೆ ಹೋದನು, ಮಗ ಹೋದನು, ಮೊಮ್ಮಗನು ಮುದುಕನಾದನು, ಕೋಡಿ ಬೀಳಲಿಲ್ಲ. ಬರಗಾಲದಲ್ಲಿ ನೀರು ತಳಕ್ಕೆ ಇಳಿದದ್ದನ್ನು ನಾವೇ ನೋಡಿದೆವು. ಕಡೆಗೆ 2022ರ ಸೆಪ್ಟೆಂಬರಿನಲ್ಲಿ, 89 ವರುಷಗಳ ಮೇಲೆ, ಸಾಗರವು ತುಂಬಿ ಕೋಡಿ ಹರಿಯಿತು. ಹಳ್ಳಿಹಳ್ಳಿಗಳಿಂದ ಜನರು ಟ್ರಾಕ್ಟರುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ನೋಡುವದಕ್ಕೆ ಹೋದರು, ನಾನೂ ಹೋದೆನು. 2025ರ ಜನವರಿಯಲ್ಲಿ ತಿರುಗಿ ತುಂಬಿತು.

ಅಲ್ಲಿ ನಿಂತಾಗ ನನಗೆ ಎರಡು ಯೋಚನೆಗಳು ಹುಟ್ಟಿದವು. ಆ 89 ವರುಷಗಳೂ ಕಟ್ಟೆಯು ಸುಮ್ಮನೆ ನಿಂತಿತ್ತೋ? ತುಂಬದಿದ್ದ ವರುಷಗಳಲ್ಲಿಯೂ ಅದು ಇದ್ದಷ್ಟು ನೀರನ್ನು ಹಿಡಿದು ಹಿರಿಯೂರಿನ ಹೊಲತೋಟಗಳಿಗೆ ಕೊಟ್ಟಿತು, ಚಿತ್ರದುರ್ಗದ ಪಟ್ಟಣಕ್ಕೆ ಕುಡಿಯಲು ಕೊಟ್ಟಿತು. ತಾನು 130 ಅಡಿ ಮುಟ್ಟಲಿಲ್ಲವೆಂದು ನಾಚಿಕೊಂಡು ಒಡೆದುಕೊಳ್ಳಲಿಲ್ಲ. ನಮ್ಮಲ್ಲಿ ಕೆಲವರು ಜನವರಿಯಲ್ಲಿ ಮಾಡಿದ ನಿರ್ಣಯವು ಫೆಬ್ರವರಿಯಲ್ಲಿ ಮುರಿದುಬಿದ್ದರೆ, ಇನ್ನು ನನ್ನಿಂದಾಗದೆಂದು ಪ್ರಾರ್ಥನೆಯನ್ನೇ ನಿಲ್ಲಿಸಿಬಿಡುತ್ತಾರೆ. ಹೀಗೆ ಮಾಡಬೇಡಿರಿ. ಎರಡನೆಯದು, ಸಾಗರವು ತುಂಬಿದ್ದು ವೇದಾವತಿಯ ನೀರೊಂದರಿಂದಲೇ ಅಲ್ಲ. ಆ ನದಿಯು ಚಂದ್ರದ್ರೋಣದ ಗುಡ್ಡಗಳಿಂದ ಬರುವಾಗ ಅಯ್ಯನಕೆರೆ ಮದಗದಕೆರೆಗಳು ಮೊದಲು ತಮ್ಮ ಪಾಲನ್ನು ಹಿಡಿಯುತ್ತವೆ. ಮಿಕ್ಕದ್ದು ಹೊಸದುರ್ಗದ ಕಡೆಯಿಂದ ಇಳಿದು ಇಲ್ಲಿಗೆ ಮುಟ್ಟಬೇಕು. ಆಗಿನ ಒಳ್ಳೇ ಮಳೆಯ ಸಂಗಡ, ಭದ್ರೆಯಿಂದ ಮೇಲಕ್ಕೆ ಎತ್ತಿ ಕಾಲುವೆಯಲ್ಲಿ ಹರಿಸಿದ ನೀರೂ ಬಂದು ಸೇರಿತು. ತನ್ನದಲ್ಲದ ಹೊಳೆಯ ನೀರು! ನಮ್ಮ ಸ್ವಭಾವವೆಂಬ ಹೊಳೆಯನ್ನೇ ನಂಬಿ ಪರಿಶುದ್ಧತೆಯನ್ನು ಎದುರುನೋಡುವವನು ಬಹು ವರುಷ ಕಾಯಬೇಕಾದೀತು. ಪರಿಶುದ್ಧಾತ್ಮನ ನೀರು ಬೇರೆ ಕಡೆಯಿಂದ ಬರತಕ್ಕದ್ದು. ಅದು ಬಂದಾಗ ಹಿಡಿದುಕೊಳ್ಳುವದಕ್ಕೆ ಕಟ್ಟೆಯು ಮಾತ್ರ ಬಿರುಕಿಲ್ಲದೆ ಇರಬೇಕು.

ಮೈಸೂರು ಸೀಮೆಯಲ್ಲಿ ಕೆಲಸಮಾಡಿದ ವೆಸ್ಲಿಯನ್ ಮಿಷನ್ನಿನವರು ಇದಕ್ಕಾಗಿ ಒಂದು ಒಳ್ಳೇ ಪದ್ಧತಿಯನ್ನು ನಮಗೆ ಬಿಟ್ಟುಹೋಗಿದ್ದಾರೆ. ಜಾನ್ ವೆಸ್ಲಿಯು 1755ರ ಆಗಸ್ಟ್ 11ರಂದು ಲಂಡನ್ನಿನಲ್ಲಿ ಮೊದಲ ಸಲ ಒಡಂಬಡಿಕೆಯ ಆರಾಧನೆಯನ್ನು ನಡಿಸಿದನು. ಕಾಲಕ್ರಮದಲ್ಲಿ ಅದು ಹೊಸ ವರುಷದ ಮೊದಲ ದಿನಗಳಿಗೆ ಬಂದು ನಿಂತಿತು. 1947ರಲ್ಲಿ ದಕ್ಷಿಣ ಭಾರತ ಸಭೆಯು ಏರ್ಪಟ್ಟ ಮೇಲೆ ಅದರ ಆರಾಧನೆಯ ಪುಸ್ತಕದಲ್ಲಿಯೂ ಇದು ಸೇರಿತು. ಇದರಲ್ಲಿ ನಾನು ಬಹಳವಾಗಿ ಮೆಚ್ಚುವದೇನಂದರೆ, ಎಲ್ಲರೂ ಕೂಡಿ ಒಂದೇ ಬಾಯಿಯಿಂದ ಒಪ್ಪಿಕೊಳ್ಳುವದು. ಒಂಟಿಯಾಗಿ ಮಾಡಿದ ಪ್ರತಿಜ್ಞೆಯನ್ನು ಒಂಟಿಯಾಗಿ ಮುರಿಯುವದು ಬಹು ಸುಲಭ, ಯಾರಿಗೂ ತಿಳಿಯುವದಿಲ್ಲ.

ಹಾಗಾದರೆ ಯಾವದನ್ನು ಗುರಿಯಾಗಿಟ್ಟುಕೊಳ್ಳಬೇಕು? ದೊಡ್ಡದನ್ನು ಬೇಡ ಅನ್ನುತ್ತೇನೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ವೈರಿಯು ಹೆಬ್ಬಾಗಿಲನ್ನು ಬಿಟ್ಟು ಕಿಂಡಿಯನ್ನು ಹುಡುಕಿದನೆಂದೂ, ಓಬವ್ವನು ಒನಕೆ ಹಿಡಿದು ಆ ಕಿಂಡಿಯ ಬಳಿಯಲ್ಲೇ ನಿಂತಳೆಂದೂ ನಮ್ಮ ಮಕ್ಕಳೆಲ್ಲರಿಗೂ ಗೊತ್ತು. ನಿಮ್ಮ ನಿಮ್ಮ ಕಿಂಡಿಯು ಎಲ್ಲಿದೆಯೆಂದು ನಿಮಗೇ ಗೊತ್ತುಂಟು. ದಿನಾಲೂ ಅಡಿಗೆಗೆ ರಾಗಿ ತೆಗೆಯುವಾಗ ಕರ್ತನಿಗೆಂದು ಒಂದು ಹಿಡಿಯನ್ನು ಬೇರೆಯಿಡುವದು, ರಾತ್ರಿ ಊಟವಾದ ಮೇಲೆ ಮೊಬೈಲನ್ನು ಗೂಡಿನಲ್ಲಿಟ್ಟು ಮನೆಯವರೆಲ್ಲಾ ಕೂತು ಮಗಳ ಕೈಯಿಂದ ಒಂದು ಭಾಗವನ್ನು ಓದಿಸುವದು, ಸಂಘದ ಸಾಲದ ಕಂತಿನ ವಿಷಯದಲ್ಲಿ ಹೆಂಡತಿಗೆ ಸುಳ್ಳು ಹೇಳದಿರುವದು, ಇವು ಬುಡದಲ್ಲಿ ಹಾಕುವ ಬುಟ್ಟಿಗೊಬ್ಬರದಂತೆ.

ಹೊಳಲ್ಕೆರೆ ತಾಲ್ಲೂಕಿನ ಒಂದು ಸಭೆಯಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದಾರೆ. ತಂದೆಯು ಕೊರೆಸಿದ ಬೋರು ಇಬ್ಬರಿಗೂ ಒಂದೇ. ಮೂರು ಫೇಸಿನ ಕರೆಂಟು ರಾತ್ರಿಯಲ್ಲಿ ಕೆಲವೇ ತಾಸು ಬರುವದರಿಂದ ಸರದಿಯ ಮೇಲೆ ಜಗಳ ಹುಟ್ಟಿ ಆರು ವರುಷ ಮಾತಿಲ್ಲ. ಅಣ್ಣನು ಸಭೆಯಲ್ಲಿ ಬಲಗಡೆ, ತಮ್ಮನು ಎಡಗಡೆ. ಇಬ್ಬರೂ ಕರ್ತನ ಭೋಜನಕ್ಕೆ ಬರುತ್ತಿದ್ದರು. ಮತ್ತಾಯನ 5ನೆಯ ಅಧ್ಯಾಯದಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂದು ಕರ್ತನು ಹೇಳಿದ್ದನ್ನು ನಾನು ಎಷ್ಟು ಸಾರಿ ಬೋಧಿಸಿದರೂ ಅಣ್ಣನು ತಮ್ಮನನ್ನೂ ತಮ್ಮನು ಅಣ್ಣನನ್ನೂ ನೋಡುತ್ತಿದ್ದರು. ಹೋದ ವರುಷ ಅಣ್ಣನು ನನ್ನ ಹತ್ತರ ಬಂದು, “ಅಯ್ಯನೋರೇ, ಅವನ ಸಂಗಡ ಮಾತಾಡೋಕೆ ನನ್ನ ಕೈಲಿ ಆಗಲ್ಲ. ಆದರೆ ಅವನ ಸರದಿ ನೀರನ್ನ ಇನ್ನು ಮುಂದೆ ನಾನು ಮುಟ್ಟಲ್ಲ,” ಅಂದನು. ಅಷ್ಟೇ ಸಾಕು, ಒಂದು ವರುಷ ಅದನ್ನೇ ಮಾಡು ಅಂದೆನು. ಬೇಸಿಗೆಯಲ್ಲಿ ಅವನ ಅಡಿಕೆ ಬಾಡುತ್ತಿದ್ದಾಗಲೂ ರಾತ್ರಿ ಎದ್ದು ಹೋಗಿ ತಮ್ಮನ ಕಡೆಗೆ ಗೇಟುವಾಲನ್ನು ತಿರುಗಿಸಿ ಬಂದನಂತೆ. ಇನ್ನೂ ಇಬ್ಬರೂ ಕೂಡಿ ಊಟಮಾಡಿಲ್ಲ. ಆದರೆ ಸುಗ್ಗಿಯಲ್ಲಿ ತಮ್ಮನ ಮಗನು ದೊಡ್ಡಪ್ಪನ ಮನೆಗೆ ಅವರೆಕಾಯಿ ತಂದುಕೊಟ್ಟನು. ಅದನ್ನು ನನಗೆ ಹೇಳುವಾಗ ಆ ಮನುಷ್ಯನ ಗಂಟಲು ಕಟ್ಟಿತು.

ಇನ್ನು ನನ್ನ ವಿಷಯ. ಇದನ್ನು ಹೇಳದೆ ನಿಮಗೆ ಬೋಧಿಸುವದು ನ್ಯಾಯವಲ್ಲ. ಹೋದ ಜನವರಿಯಲ್ಲಿ ನಾನು ನೋಟುಪುಸ್ತಕದಲ್ಲಿ ಏಳು ನಿರ್ಣಯಗಳನ್ನು ಬರೆದೆನು. ಸೆಮಿನರಿಯಲ್ಲಿ ಕಲಿತ ಹಾಗೆ ಅಂಕಿ ಹಾಕಿ, ಕೆಳಗೆ ಗೆರೆ ಎಳೆದು ಬರೆದದ್ದು. ತಿಂಗಳಿಗೊಮ್ಮೆ ಪ್ರತಿ ಮನೆಯನ್ನೂ ಕಂಡುಬರುವದೆಂಬದು ಅದರಲ್ಲಿ ಮೂರನೆಯದು. ಈಸ್ಟರಿನ ವರೆಗೆ ನಡಿಸಿದೆನು. ಆಮೇಲೆ ಸಭೆಗಳು, ಕಾಗದಪತ್ರಗಳು, ಮಕ್ಕಳ ಶಾಲೆ, ನೆವಗಳಿಗೆ ಬಡತನವೇ? ದೂರದ ಹಟ್ಟಿಯೊಂದರಲ್ಲಿ ಕಾಯಿಲೆಬಿದ್ದಿದ್ದ ಒಬ್ಬ ಅಜ್ಜಿಯ ಮನೆಯನ್ನು ಮೂರು ತಿಂಗಳು ಬಿಟ್ಟುಬಿಟ್ಟೆನು. ಮಳೆಗೆ ದಾರಿ ಕೆಟ್ಟಿದೆಯೆಂದು ನನಗೆ ನಾನೇ ಹೇಳಿಕೊಂಡೆನು. ಆಷಾಢದಲ್ಲಿ ಆಕೆಯನ್ನು ಮಣ್ಣುಮಾಡುವದಕ್ಕೆ ಅದೇ ದಾರಿಯಲ್ಲಿ ಹೋದೆನು. ದಾರಿಯು ಅಷ್ಟೇನೂ ಕೆಟ್ಟಿರಲಿಲ್ಲ. ಮಣ್ಣುಮಾಡಿ ಬಂದ ಮೇಲೆ ಸೊಸೆಯು ಕಾಪಿ ತಂದಿಟ್ಟು, “ಅತ್ತೆ ದಿನಾ ಕೇಳೋರು, ಅಯ್ಯನೋರ ಗಾಡಿ ಸದ್ದು ಬಂತೇನವ್ವಾ ಅಂತ,” ಅಂದಳು. ಬೇರೇನೂ ಅನ್ನಲಿಲ್ಲ. ಆ ಲೋಟವನ್ನು ಹಿಡಿದುಕೊಂಡು ಕೂತಿದ್ದಾಗ ನನ್ನ ಬುಡಕ್ಕೆ ಬಿದ್ದ ಗುದ್ದಲಿಯ ಪೆಟ್ಟನ್ನು ನಾನು ಇನ್ನೂ ಮರೆತಿಲ್ಲ.

ಅನೇಕ ರಾತ್ರಿಗಳು ಕರ್ತನ ಮುಂದೆ ಅತ್ತೆನು. ಕ್ಷಮಿಸಿದನೆಂದು ನಂಬುತ್ತೇನೆ, ಆ ತೋಟಗಾರನು ನನಗೂ ಒಂದು ವರುಷವನ್ನು ಬೇಡಿಕೊಂಡಿದ್ದಾನೆ. ಈ ಸಲ ನೋಟುಪುಸ್ತಕದಲ್ಲಿ ಏಳನ್ನು ಬರೆಯಲಿಲ್ಲ. ಮನೆಗಳ ಹೆಸರುಗಳನ್ನು ಮಾತ್ರ ಬರೆದಿದ್ದೇನೆ, ನಡೆಯಲಾರದವರು ಇರುವ ಮನೆಗಳನ್ನು ಮೊದಲು. ಆ ಪಟ್ಟಿಯ ಒಂದು ಪ್ರತಿಯನ್ನು ಸಭೆಯ ಹಿರಿಯರ ಕೈಯಲ್ಲಿ ಕೊಟ್ಟು, ತಿಂಗಳ ಕಡೇ ಆದಿತ್ಯವಾರ ನನ್ನನ್ನು ಲೆಕ್ಕ ಕೇಳಬೇಕೆಂದು ಬೇಡಿಕೊಂಡಿದ್ದೇನೆ. ನೀವೂ ಕೇಳಬಹುದು, ನನಗೆ ಬೇಸರವಿಲ್ಲ. ಬರುವ ಆದಿತ್ಯವಾರ ಒಡಂಬಡಿಕೆಯ ಆರಾಧನೆ ಇದೆ. ಅಣ್ಣತಮ್ಮಂದಿರೂ ಅತ್ತೆಸೊಸೆಯರೂ ಕೂಡಿ ಬನ್ನಿರಿ, ಹಿಡಿರಾಗಿಯ ಚೀಲವನ್ನೂ ತನ್ನಿರಿ. ಆರಾಧನೆಯು ಮುಗಿದ ಕೂಡಲೆ ನಾನು ಆ ಹಟ್ಟಿಯ ದಾರಿಯಲ್ಲಿ ಹೊರಡುತ್ತೇನೆ. ಪಟ್ಟಿಯಲ್ಲಿ ಆ ಸೊಸೆಯ ಮನೆಯೇ ಮೊದಲು.