ಕೂಸಿನ ಕಿವಿ, ಕೂಸಿನ ಮಾತು



ಮಾತು ತೊದಲುತ್ತಿದ್ದ ಕಿವುಡನೊಬ್ಬನನ್ನು ಜನರು ಯೇಸುಸ್ವಾಮಿಯ ಬಳಿಗೆ ಕರೆತಂದರು (ಮಾರ್ಕ 7:31-37). ಸ್ವಾಮಿ ಮೊದಲು ಅವನ ಕಿವಿಯಲ್ಲಿ ಬೆರಳಿಟ್ಟರು, ಆಮೇಲೆ ನಾಲಗೆ ಮುಟ್ಟಿದರು. ದೀಕ್ಷಾಸ್ನಾನದಲ್ಲಿ ಗುರುಗಳು ಕೂಸಿನ ಕಿವಿ, ಬಾಯಿ ಮುಟ್ಟುವುದು ಇದರ ನೆನಪಿಗೇ.

ಮಗು ಎರಡು ತಿಂಗಳಿಗೆ ಮುಖ ನೋಡಿ ನಗುತ್ತದೆ, ಒಂಬತ್ತಕ್ಕೆ ಆಸರೆಯಿಲ್ಲದೆ ಕೂರುತ್ತದೆ, ಒಂದೂವರೆ ವರ್ಷದೊಳಗೆ ನಡೆಯುತ್ತದೆ. ತುಸು ಹಿಂದೆ ಮುಂದೆ ಆದೀತು. ಮಾತು ತಡವಾದರೆ ಮಾತ್ರ ನಮ್ಮ ಹೊಸೂರು ಕಡೆ ತಾಯಿಯ ಮೇಲೆ ಒಂದು ಆರೋಪ ಸಿದ್ಧ: "ಮನೆಯಲ್ಲಿ ಕನ್ನಡ, ಅಂಗನವಾಡಿಯಲ್ಲಿ ತಮಿಳು, ಮಗುವಿಗೆ ಗೊಂದಲ. ಕನ್ನಡ ಬಿಡಿ." ಪಾಪ, ಆಕೆ ಜೋಗುಳವನ್ನೂ ನುಂಗಿಕೊಳ್ಳುತ್ತಾಳೆ.

ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಎರಡು ವರ್ಷಕ್ಕೆ ಮಗು ಎರಡು ಪದ ಕೂಡಿಸಬೇಕು. "ನೀರು ವೇಣುಂ" ಎಂದರೂ ಲೆಕ್ಕಕ್ಕೆ ಬಂತು. ಸ್ವಾಮಿ ಕಿವುಡನಿಗೆ ಹೇಳಿದ "ಎಪ್ಫಥಾ" ಕೂಡ ಅವರ ಮನೆಮಾತಾದ ಅರಮಾಯಿಕ್. ಗ್ರೀಕಿನಲ್ಲಿ ಬರೆದ ಮಾರ್ಕ ಆ ಪದವನ್ನು ಹಾಗೆಯೇ ಉಳಿಸಿದ್ದಾರೆ.

ಆದ್ದರಿಂದ ಕನ್ನಡ ಬಿಡಿಸುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹೆಸರು ಕರೆದರೆ ತಿರುಗದಿದ್ದರೆ, ಬಂದ ಮಾತು ನಿಂತುಹೋದರೆ, "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯಬೇಡಿ. ಹರಕೆ ಹೊರಿ, ಬೇಡವೆನ್ನುವುದಿಲ್ಲ, ವೈದ್ಯರಿಗೂ ತೋರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವರ್ಷಕ್ಕೆರಡು ಬಾರಿ ಅಂಗನವಾಡಿಯಲ್ಲೇ ಉಚಿತ ತಪಾಸಣೆಯಿದೆ. ತಮಿಳು ಅರ್ಜಿ ಓದಲು ಬಾರದವರು ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಯುವಕರನ್ನು ಕೇಳಿ. ಆಸ್ಪತ್ರೆಗೂ ಜೊತೆಗೆ ಬರುತ್ತೇವೆ.