ಮಗ್ಗದ ಮನೆಯಲ್ಲಿರುವ ವಿನ್ಯಾಸಕಾರ

ದೊಡ್ಡಬಳ್ಳಾಪುರದಲ್ಲಿ ನೇಯ್ದ ಒಂದು ರೇಷ್ಮೆ ಸೀರೆಯ ವಿನ್ಯಾಸ ಯಾರದು? ಕಂಪ್ಯೂಟರ್ ಮುಂದೆ ಕೂತು ಬುಟ್ಟಾ ಬಿಡಿಸಿದ ಡಿಸೈನರದು ಎನ್ನುವುದು ವಾಡಿಕೆಯ ಉತ್ತರ. ಇದು ಅರೆ ಉತ್ತರ. ಈಗ ಈ ಅರೆ ಉತ್ತರವನ್ನೇ ಸಾಫ್ಟ್‌ವೇರು ಪೂರ್ಣವೆಂದು ದಾಖಲಿಸುತ್ತಿದೆ ಎಂಬುದು ನನ್ನ ಆತಂಕ.

ಹಿಂದೆ ವಿನ್ಯಾಸವನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬಿ ಬರೆಯುತ್ತಿದ್ದರು. ಅದನ್ನು ಓದಿ ಮತ್ತೊಬ್ಬರು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದರು. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ 1804ರಲ್ಲಿ ರೂಪಿಸಿದ ಉಪಾಯ ಅದು. ಅವನ ಹೆಸರಿನ ಯಂತ್ರದ ಎಲೆಕ್ಟ್ರಾನಿಕ್ ರೂಪ 1983ರಲ್ಲಿ ಮಿಲಾನಿನ ಯಂತ್ರಪ್ರದರ್ಶನಕ್ಕೆ ಬಂತು. ಅದು ಇರುವಲ್ಲಿ ಕಾರ್ಡೂ ಬೇಡ, ತೂತೂ ಬೇಡ. ಫೈಲ್ ನೇರವಾಗಿ ಮಗ್ಗಕ್ಕೆ ಹೋಗುತ್ತದೆ. ದಿನಗಟ್ಟಲೆಯ ಕೆಲಸ ಉಳಿಯಿತು, ಒಳ್ಳೆಯದೇ. ಆದರೆ ಕಾರ್ಡ್ ಹೊಡೆಯುವವರು ವಿನ್ಯಾಸವನ್ನು ಸಾಲು ಸಾಲಾಗಿ ಓದುತ್ತಿದ್ದವರು. ನಡುವಿನ ಆ ಓದು ಇಲ್ಲವಾಯಿತು.

ತೆರೆಯ ಮೇಲೆ ಎಲ್ಲ ಎಳೆಯೂ ಒಂದೇ ದಪ್ಪ, ಒಂದೇ ಬಿಗಿ. ಮಗ್ಗದ ಮೇಲೆ ಹಾಗಿರುವುದಿಲ್ಲ. ಎಲೆಯಾಕಾರದ ಬುಟ್ಟಾ ತೀರ ಅಗಲವಾದರೆ ಎಳೆ ಎಲ್ಲೂ ಕಟ್ಟಿಕೊಳ್ಳದೆ ಉದ್ದಕ್ಕೆ ಸಡಿಲವಾಗಿ ಉಳಿಯುತ್ತದೆ, ಉಟ್ಟವರ ಬಳೆಗೆ ಸಿಕ್ಕಿಕೊಳ್ಳುತ್ತದೆ. ನೇಕಾರ ಅದನ್ನು ಕಂಡು ಹೇಳಿದ ಮೇಲೆ ಡಿಸೈನರ್ ಬುಟ್ಟಾದ ನಡುವೆ ಒಂದು ನರ ಎಳೆದು ಎಳೆಯನ್ನು ಹಿಡಿಸುತ್ತಾನೆ. ಕೊಳ್ಳುವವರ ಕಣ್ಣಿಗೆ ಆ ನರ ಎಲೆಯ ಅಂದವಾಗಿ ಕಾಣುತ್ತದೆ. ಅದನ್ನು ಬರೆದದ್ದು ಯಾರು?

ವಿನ್ಯಾಸ ತಂಡಗಳ ಅಧ್ಯಯನದಲ್ಲೂ ಇದೇ ಪ್ರಶ್ನೆ ಅಡಗಿದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಜಾನ್ ಟ್ಯಾಂಗ್ ತಂಡಗಳ ಕೆಲಸವನ್ನು ವಿಡಿಯೊದಲ್ಲಿ ಹಿಡಿದು ನೋಡಿದರು. ಮೇಜಿನ ಸುತ್ತಲಿನ ಚಟುವಟಿಕೆಯಲ್ಲಿ ಸುಮಾರು ಮೂರನೇ ಒಂದು ಭಾಗ ಬರೀ ಕೈಸನ್ನೆ. ಕೊನೆಗೆ ಮೇಜಿನ ಮೇಲೆ ಉಳಿಯುವ ಕಾಗದದಲ್ಲಿ ಅದರ ಗುರುತೇ ಇಲ್ಲ. 1994ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ, ಬೆನ್ನುಚೀಲವನ್ನು ಸೈಕಲ್ಲಿಗೆ ಕಟ್ಟುವ ಸಾಧನವೊಂದರ ವಿನ್ಯಾಸಕ್ಕೆ ಕೂತವರ ಒಂದೇ ವಿಡಿಯೊವನ್ನು ಹಲವು ಸಂಶೋಧಕರು ತಮ್ಮ ತಮ್ಮ ಬಗೆಯಲ್ಲಿ ವಿಶ್ಲೇಷಿಸಿದರು. ಇವು ನಾನು ಗೌರವಿಸುವ ಕೆಲಸಗಳು. ಆದರೂ ಕ್ಯಾಮೆರಾ ಇದ್ದದ್ದು ಕೋಣೆಯೊಳಗೆ. ಅಲ್ಲಿ ಕೂತವರಷ್ಟೇ ತಂಡ. ತಂಡ ಯಾವುದೆಂಬ ತೀರ್ಮಾನ ಅಧ್ಯಯನಕ್ಕೆ ಮೊದಲೇ ಆಗಿಹೋಗಿತ್ತು.

ಇಂದಿನ ತಂತ್ರಾಂಶ ಫೈಲನ್ನು ಯಾರು ಯಾವಾಗ ತೆರೆದರು, ಏನನ್ನು ಬದಲಿಸಿದರು ಎಂಬುದನ್ನೆಲ್ಲ ತಾನಾಗಿ ಬರೆದಿಡಬಲ್ಲದು. ಸುಲಭವಾಗಿ ಸಿಕ್ಕ ಈ ಲೆಕ್ಕವನ್ನೇ ಸಹಯೋಗವೆಂದು ಕರೆಯುವುದು ಇನ್ನೂ ಸುಲಭ. ಮಗ್ಗದ ಸದ್ದಿನ ನಡುವೆ ಫೋನಿನಲ್ಲಿ ಕೂಗಿ ಹೇಳಿದ ಮಾತು ಆ ಲೆಕ್ಕಕ್ಕೆ ಸೇರುವುದಿಲ್ಲ. ಸೇರುವುದು ಅದರಿಂದಾದ ಬದಲಾವಣೆ, ಅದೂ ಡಿಸೈನರನ ಹೆಸರಿನಲ್ಲಿ.

ನೇಕಾರ ಹೇಳುವುದು ಅನುಭವದ ಸಲಹೆ ಮಾತ್ರ, ವಿನ್ಯಾಸವಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾವ ಮಾತನ್ನು ಕಳೆದರೆ ಬಟ್ಟೆಯೇ ಬೇರೆಯಾಗುತ್ತದೋ ಆ ಮಾತು ವಿನ್ಯಾಸದ ಒಳಗಿನದೇ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಎಲ್ಲವನ್ನೂ ದಾಖಲಿಸಹೊರಟರೆ ಅದು ಕಾವಲಾಗುತ್ತದೆ. ಮಗ್ಗ ಎಷ್ಟು ಹೊತ್ತು ನಿಂತಿತೆಂದು ಎಣಿಸುವ ಯಂತ್ರಕ್ಕೆ, ನಿಂತಾಗ ನಡೆದ ಮಾತು ಬರೀ ನಷ್ಟ. ನೇಯ್ದಷ್ಟಕ್ಕೇ ಕೂಲಿ ಪಡೆಯುವವನಿಗಂತೂ ಅದು ನೇರ ನಷ್ಟ. ವಿನ್ಯಾಸ ಕದ್ದು ನಕಲು ಮಾಡುವ ಭಯ ಮಾಲೀಕರಿಗೂ ಇದೆ. ಹಾಗಾಗಿ ಬರೀ ಮೈಕು, ಕ್ಯಾಮೆರಾ ತಂದು ಮಗ್ಗದ ಮನೆಯಲ್ಲಿಟ್ಟರೆ ಆಗದು. ನೇಕಾರ ತಾನಾಗಿ ಕೊಟ್ಟ ಮಾತನ್ನು, ಕನ್ನಡದಲ್ಲೋ ತೆಲುಗಿನಲ್ಲೋ ಅವನ ದನಿಯಲ್ಲೇ, ಬಟ್ಟೆಯ ಫೋಟೊದ ಜೊತೆ ಆ ಫೈಲಿಗೇ ಅಂಟಿಸಿಡುವಂತಿರಬೇಕು. ಅದನ್ನು ತೆಗೆದುಹಾಕುವ ಅಧಿಕಾರವೂ ಅವನಿಗಿರಬೇಕು. ಮಾದರಿ ನೇಯುವಾಗ ಮಗ್ಗ ನಿಲ್ಲಿಸಿ ಮಾತಾಡಿದ ಹೊತ್ತಿಗೂ ಕೂಲಿ ಸಿಗಬೇಕು. ಈ ಕೂಲಿಯ ಮಾತನ್ನು ತಂತ್ರಾಂಶ ಕೊಳ್ಳುವ ದಿನವೇ ಮಾಲೀಕರೂ ನೇಕಾರರೂ ಕೂತು ತೀರ್ಮಾನಿಸಿಕೊಳ್ಳುವುದು ಸರಿ.